ಐದು ಜನರ ತಿಂಡಿ

ಡಬ್ಬಿಯಲ್ಲಿ ಐದು ಜನರಿಗಾಗುವಷ್ಟು ಗೋಳಿಬಜೆ ಇತ್ತು. ಹೊರಟವರು ಮೂವರು. ಬಾಲಿಗಂಜಿನ ಮನೆಯ ಹೊಸ್ತಿಲು ದಾಟುವ ಮೊದಲೇ ಮಾನ್ಯಳಿಗೆ ಅನುಮಾನ ಹುಟ್ಟಿತು.

ಭಾನುವಾರ ಹಳೆಯ ಜಮೀನ್ದಾರರ ಮನೆ ನೋಡಿ, ಮಧ್ಯಾಹ್ನ ನಾಟಕಕ್ಕೆ ಹೋಗುವ ಏರ್ಪಾಡು ರೇಣುಕತ್ತೆಯದು. ಅಪ್ಪನ ತಂಗಿ. ಹಳೆಯ ಕಂಬ, ಗೋಡೆಗಳಿಗೆ ಮನಸೋಲುವ ಹೆಂಗಸಲ್ಲ ಅವಳು. ಊರಿನವರ ಮಕ್ಕಳಿಗೆ ಗಂಟು ಹಾಕಿಸುವುದೇ ಅವಳ ಕಸುಬು. ಕೋಲ್ಕತ್ತಾದಲ್ಲಿರುವ ಉಡುಪಿ ಕಡೆಯ ಮನೆಗಳಲ್ಲಿ ಅವಳು ಕೂಡಿಸಿದ ಜೋಡಿಗಳಿಗೆ ಲೆಕ್ಕವಿಲ್ಲ.

ಇನ್ನು ಅಮ್ಮ. ಅಪ್ಪ ತೀರಿಕೊಂಡ ಮೇಲೆ ಕ್ಯಾಟರಿಂಗನ್ನು ಒಬ್ಬಳೇ ಹೊತ್ತ ಗಿರಿಜಾ ಭಾನುವಾರವೂ ಒಲೆಯ ಮುಂದಿನಿಂದ ಏಳುವವಳಲ್ಲ. ಇಂದು ಪೆಟ್ಟಿಗೆಯ ತಳದಿಂದ ಮಾವಿನ ಚಿಗುರಿನ ಬಣ್ಣದ ರೇಷ್ಮೆ ಸೀರೆ ತೆಗೆದು ಉಟ್ಟಿದ್ದಳು. ಬೀಗರಾಗುವವರ ಕಣ್ಣಿಗೆ ಚೆನ್ನಾಗಿ ಕಾಣಬೇಕಲ್ಲ ಎಂದು ಮಾನ್ಯ ಒಳಗೊಳಗೇ ಕುದಿದಳು. ತಾನು ಮಾತ್ರ ಮೊಣಕಾಲಲ್ಲಿ ಹರಿದ ಜೀನ್ಸ್ ಹಾಕಿಕೊಂಡಳು.

ಅತ್ತೆ ಲೇಕ್ ಮಾರ್ಕೆಟ್ಟಿನಿಂದ ತಂದ ಮಲ್ಲಿಗೆ ಮಾಲೆ ಬಿಚ್ಚಿದಾಗ ಮಾನ್ಯ ಎರಡು ಹೆಜ್ಜೆ ಹಿಂದೆ ಸರಿದಳು. “ನನ್ನ ಬದುಕು, ನನ್ನ ಇಷ್ಟ. ಇದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ.”

“ಈಗ ನಿನ್ನ ಸುದ್ದಿ ಯಾರು ಎತ್ತಿದ್ದು ಮಾರಾಯ್ತಿ?” ಎಂದಳು ಅತ್ತೆ. “ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯ್ತು.”

ಅಮ್ಮ ಮಾಲೆಯನ್ನು ತನ್ನ ಕೈಚೀಲಕ್ಕೆ ಹಾಕಿಕೊಂಡಳು. “ಒಳ್ಳೆ ಮಾತು ಹೇಳಿದೆ,” ಎಂದಳು. “ಸಂಜೆವರೆಗೆ ನೆನಪಿಟ್ಟುಕೋ.”

ಜಮೀನ್ದಾರರ ಮನೆ ಉತ್ತರ ಕೋಲ್ಕತ್ತಾದ ಒಂದು ಇಕ್ಕಟ್ಟಿನ ಗಲ್ಲಿಯೊಳಗಿತ್ತು. ನಡುವೆ ದೊಡ್ಡ ಅಂಗಳ, ಎದುರಿಗೆ ದುರ್ಗೆಯನ್ನು ಕೂರಿಸುವ ಕಮಾನಿನ ಮಂಟಪ, ಮೇಲೆ ಸುತ್ತಲೂ ಹಸಿರು ಜಾಲರಿಯ ವರಾಂಡ. ಗಂಡಸರು ಅಂಗಳದಲ್ಲಿ ಕೂತು ಹಾಡು ಕೇಳುತ್ತಿದ್ದಾಗ ಮನೆಯ ಹೆಂಗಸರು ಆ ಜಾಲರಿಯ ಹಿಂದಿನಿಂದ ಇಣುಕುತ್ತಿದ್ದರಂತೆ. ಕಾವಲುಗಾರ ಹಾಗೆಂದಾಗ ಅಮ್ಮ ಮೇಲೆ ನೋಡುತ್ತ ಬಹಳ ಹೊತ್ತು ನಿಂತಳು.

ಅಷ್ಟರಲ್ಲಿ ಕಂಬದ ಮರೆಯಿಂದ ಇಬ್ಬರು ಬಂದರು. ತಲೆ ನರೆತ ಮುರಾರಿ, ಅವರ ಮಗ ಧ್ರುವ. ನಮ್ಮ ಕುಂದಾಪುರದವರು, ಟಾಲಿಗಂಜಿನಲ್ಲಿ ಮನೆ, ಎಂಥ ಯೋಗಾಯೋಗ ಎಂದು ಅತ್ತೆ ಬೆರಗು ನಟಿಸಿದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮನೆಗೆ ಕರೆದರೆ ಮಾನ್ಯ ಬಾಗಿಲು ಹಾಕಿಕೊಳ್ಳುತ್ತಾಳೆಂದು ಹೆಣ್ಣು ನೋಡುವ ಶಾಸ್ತ್ರವೇ ಇಲ್ಲಿಗೆ ಬಂದಿತ್ತು. ಹುಡುಗನಿಗೆ ತಾಯಿ ಇಲ್ಲವಂತೆ. ಅಂದರೆ ಹೋದ ದಿನವೇ ಅಡಿಗೆಮನೆ ಕೊರಳಿಗೆ ಬೀಳುತ್ತದೆ.

ಮಂಟಪದ ಮೆಟ್ಟಿಲ ಮೇಲೆ ಡಬ್ಬಿ ಬಿಚ್ಚಿದರು. ಯಾರೂ ತಟ್ಟೆ ಕೈಗೆ ಕೊಡದಂತೆ ಮಾನ್ಯ ಕೈಕಟ್ಟಿ ಕೂತಳು. ಅಮ್ಮನೇ ಎದ್ದು ಬಡಿಸಿದಳು. ಇಲ್ಲಿ ಹಾಡಿದರೆ ಚೆನ್ನಾಗಿ ಕೇಳಿಸುತ್ತದಂತೆ, ಹಾಡು ಬರುತ್ತದೆಯೇ ಎಂದು ಮುರಾರಿ ಕೇಳಿದರು. ತನಗೆ ಬರುವುದಿಲ್ಲ ಎಂದು ಮಾನ್ಯ ಪಟ್ಟನೆ ಹೇಳಿಬಿಟ್ಟಳು. ಆಗಲೂ ಅಮ್ಮನೇ ಒಂದು ದೇವರನಾಮ ಹಾಡಿದಳು. ಮೊದಲು ನಡುಗಿದ ದನಿ ಆಮೇಲೆ ಅಂಗಳವನ್ನೆಲ್ಲ ತುಂಬಿತು. ಮಗಳ ಮಾನ ಉಳಿಸಲು ಪಾಪ ಎಷ್ಟು ಪಾಡು ಎಂದುಕೊಂಡಳು ಮಾನ್ಯ. ಕನಿಕರವಾಯಿತು. ಆದರೆ ಸೋಲುವ ಮಾತೇ ಇರಲಿಲ್ಲ.

ನಾಟಕದ ಹಾಲಿನಲ್ಲಿ ಮಕ್ಕಳಿಬ್ಬರೂ ಹಿಂದಿನ ಸಾಲಿನಲ್ಲಿ ಕೂರಲಿ ಎಂದು ಅತ್ತೆ ತೀರ್ಮಾನಿಸಿದಳು. ಧ್ರುವನೂ ಬಿಗುವಾಗಿಯೇ ಇದ್ದ. ಮಧ್ಯಂತರಕ್ಕೆ ದೀಪ ಹತ್ತಿದಾಗ ಗಂಟಲು ಸರಿಮಾಡಿಕೊಂಡ.

“ಅಪ್ಪ ನಿಮಗೆ ಹೇಳು ಅಂದಿದ್ದಾರೆ. ನಮ್ಮ ಮನೇಲಿ ಅಡಿಗೆಗೆ ಜನ ಇದ್ದಾರೆ. ಬಂದವರು ಕಷ್ಟಪಡೋದು ಬೇಡ. ಮಾಡ್ತಿರೋ ಕೆಲಸ ಬಿಡೋದೂ ಬೇಡ.”

ಅಪ್ಪ ಹೇಳಿಕೊಟ್ಟ ಪಾಠ ಒಪ್ಪಿಸುವ ಗಂಡು! ಮಾನ್ಯಳ ಸಿಟ್ಟು ನೆತ್ತಿಗೇರಿತು. ಸರಸರನೆ ಹೊರಗೆ ಹೋದಳು. ಹಿರಿಯರು ಬಾಗಿಲ ಬಳಿ ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿಯುತ್ತಿದ್ದರು. ನೇರ ಮುರಾರಿಯವರ ಎದುರು ನಿಂತಳು.

“ನಮ್ಮ ಮನೆಯಿಂದ ಯಾರೂ ನಿಮ್ಮ ಮನೆಗೆ ಬರಲ್ಲ ಅಂಕಲ್. ಈ ಹೆಣ್ಣು ನೋಡೋ ನಾಟಕ ಇಲ್ಲಿಗೆ ಸಾಕು.”

ಮುರಾರಿ ಕುಡಿಕೆ ಕೆಳಗಿಟ್ಟರು. ಅವರ ಮುಖ ಬಾಡಿತು. ಸಿಟ್ಟು ಮಾಡಲಿಲ್ಲ. “ನಿನಗೆ ಬೇಡ ಅಂದ್ರೆ ಬೇಡ ಮಗಾ. ನಿನ್ನ ಮನಸ್ಸು ನೋಯಿಸಿ ಎಂತದೂ ಆಗೂದು ಬೇಡ,” ಎಂದು ಮಗನನ್ನು ಕರೆಯಲು ತಿರುಗಿದರು.

ಮಾನ್ಯ ಗೆದ್ದಿದ್ದಳು. ಹೆಮ್ಮೆಯಿಂದ ಅಮ್ಮನ ಕಡೆ ನೋಡಿದಳು.

ಅಮ್ಮ ಹೋಗುತ್ತಿದ್ದವರಿಗೆ ಅಡ್ಡಲಾಗಿ ಬಂದು ನಿಂತಳು. ಕೈಚೀಲದಿಂದ ಬಾಡತೊಡಗಿದ್ದ ಮಲ್ಲಿಗೆ ಮಾಲೆ ತೆಗೆದಳು. ಅಷ್ಟು ಜನರ ನಡುವೆ, ಅವಸರವಿಲ್ಲದೆ, ಅದನ್ನು ತನ್ನ ತುರುಬಿಗೇ ಮುಡಿದುಕೊಂಡಳು. ರೇಣುಕತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಯಾರ ಒಪ್ಪಿಗೆಯೂ ಬೇಕಿಲ್ಲ ಅಂತ ಬೆಳಿಗ್ಗೆ ನೀನೇ ಹೇಳಿದ್ದಲ್ವಾ ಮಾನ್ಯ?” ಎಂದಳು ಅಮ್ಮ. “ಇವರು ನೋಡ್ಲಿಕ್ಕೆ ಬಂದದ್ದು ನನ್ನನ್ನು. ನಾನು ಒಪ್ಪಿ ಆಯ್ತು.”