ಚಂದ್ರನ ಬೆನ್ನ ಹಿಂದೆ

"ಭೂಮಿ ಎಲ್ಲಿ ಹೋಯ್ತು?" ಎಂದು ಎರಡನೇ ಸಾಲಿನ ಹುಡುಗಿ ಕಿರುಚಿದಳು.

ಮೂರನೇ ಕ್ಲಾಸಿನ ಇಪ್ಪತ್ತನಾಲ್ಕು ಮಕ್ಕಳು ಕಣ್ಣು ಕಿವಿ ಎರಡನ್ನೂ ಮುಚ್ಚುವ ವಿ.ಆರ್. ಕನ್ನಡಕ ತೊಟ್ಟು, ಕುರ್ಚಿಯಲ್ಲಿ ಕೂತಲ್ಲೇ ಚಂದ್ರನನ್ನು ಸುತ್ತಲು ಹೊರಟಿದ್ದರು. ಅವರ ಗಗನನೌಕೆ ಚಂದ್ರನ ಬೆನ್ನ ಹಿಂದೆ ಸರಿದದ್ದೇ ತಡ, ಅಷ್ಟು ಹೊತ್ತು ಜೊತೆಗಿದ್ದ ನೀಲಿ ಭೂಮಿ ಮಾಯವಾಗಿ ಸುತ್ತಲೂ ಕತ್ತಲೆ. "ನಮ್ಮಮ್ಮ ಅಲ್ಲೇ ಇದಾಳೆ" ಎಂದು ಹುಡುಗಿ ಗೊಳೋ ಎಂದು ಅಳತೊಡಗಿದಳು. ಉಳಿದವರಿಗೂ ಅವರವರ ಭೂಮಿ ಕಳೆದೇ ಹೋಗಿತ್ತಲ್ಲ, ಅವರೂ ಶುರುಮಾಡಿದರು.

ಟೀಚರ್ ಮೂರು ಸಲ ಚಪ್ಪಾಳೆ ತಟ್ಟಿದರು. ಒಂದು ಚಪ್ಪಾಳೆಗೆ ಕೂರುವುದು, ಎರಡಕ್ಕೆ ಬಾಯಿ ಮುಚ್ಚುವುದು, ಮೂರಕ್ಕೆ ಟೀಚರ್ ಕಡೆ ನೋಡುವುದು. ಗಂಟಲಿನ ಆಪರೇಷನ್ ಆಗಿ ದನಿ ಹೋಗಿ ಬರೀ ಪಿಸುಮಾತು ಉಳಿದ ಮೇಲೆ ಎಂಟು ತಿಂಗಳಿಂದ ಕ್ಲಾಸು ನಡೆದದ್ದೇ ಹೀಗೆ. ಇವತ್ತು ಒಬ್ಬರೂ ತಿರುಗಲಿಲ್ಲ. ಅಂಗೈ ಕೆಂಪಾಗುವಂತೆ ಮತ್ತೆ ಮೂರು ಸಲ ತಟ್ಟಿದರು.

"ಮೇಡಂ, ಅವ್ರಿಗೆ ಕಾಣಲ್ಲ, ಕೇಳೋದೂ ಇಲ್ಲ" ಎಂದ ಪೆಟ್ಟಿಗೆಯಣ್ಣ. ತಿಂಗಳಿಗೊಂದು ಶಾಲೆಯಂತೆ ಈ ಕನ್ನಡಕಗಳನ್ನು ಎರಡು ದೊಡ್ಡ ಪೆಟ್ಟಿಗೆಗಳಲ್ಲಿ ತುಂಬಿ ತರುವವನಿಗೆ ಮಕ್ಕಳಿಟ್ಟ ಹೆಸರು ಅದು. ಅವನ ಮುಖ ಬಿಳಿಚಿಕೊಂಡಿತ್ತು. "ತಪ್ಪು ನಂದೇ. ಹತ್ತನೇ ಕ್ಲಾಸಿನ ವಿವರಣೆ ಹಾಕ್ಬಿಟ್ಟಿದೀನಿ. ಕಕ್ಷೆಯ ಉತ್ಕೇಂದ್ರತೆ, ಅದೂ ಇದೂ ಅಂತಿದೆ ಪಾಪ ಮಕ್ಕಳ ಕಿವೀಲಿ. ಪೂರ್ತಿ ನಿಲ್ಲಿಸ್ಬಿಡ್ಲಾ?"

ಟೀಚರಿಗೆ ಇದು ಕೊನೆಯ ಕ್ಲಾಸು. ದನಿ ಇಲ್ಲದವರು ಇಷ್ಟು ಮಕ್ಕಳನ್ನು ಹೇಗೆ ಸಂಭಾಳಿಸಿಯಾರು ಎಂದು ಹೆಡ್ ಮೇಡಂ ನಾಳೆಯಿಂದ ಅವರನ್ನು ಲೈಬ್ರರಿಗೆ ಹಾಕಿದ್ದರು. ಕೆಟ್ಟ ಮನಸ್ಸಿನಿಂದೇನಲ್ಲ. ಸ್ಪೀಕರ್ ಹಚ್ಚಿ ಪಾಠ ಮಾಡಿ ನೋಡಿದ್ದೂ ಆಗಿತ್ತು. ತಗಡು ಕೆರೆದ ಹಾಗೆ ಬಂದ ದನಿಗೆ ಮಕ್ಕಳು ಬಿದ್ದು ಬಿದ್ದು ನಕ್ಕಿದ್ದರು. ಅಂದಿನಿಂದ ಟೀಚರ್ ಅವರೆದುರು ತುಟಿ ಬಿಚ್ಚಿರಲಿಲ್ಲ. ಕೊನೆಯ ದಿನ ಪಾಠ ಹೇಳುವ ಕೆಲಸ ಕನ್ನಡಕದ್ದು ಎಂದು ಗೊತ್ತಾದಾಗ ಅವರಿಗೆ ಹೋದ ಜೀವ ಬಂದಂತಾಗಿತ್ತು.

ನಿಲ್ಲಿಸುವುದು ಬೇಡವೆಂದು ಟೀಚರ್ ತಲೆಯಾಡಿಸಿದರು. ಈಗ ನಿಲ್ಲಿಸಿದರೆ ಮಕ್ಕಳು ಈ ಕತ್ತಲೆಯನ್ನೇ ಹೊತ್ತು ಮನೆಗೆ ಹೋಗುತ್ತಾರೆ, ಮತ್ತೆಂದೂ ಚಂದ್ರನ ಹತ್ತಿರ ಸುಳಿಯುವುದಿಲ್ಲ. ಪೆಟ್ಟಿಗೆಯಣ್ಣ ವಿವರಣೆಯ ಬಾಯಿ ಮುಚ್ಚಿಸಿ ಎಲ್ಲ ಕನ್ನಡಕಗಳಿಗೂ ದನಿ ತಲುಪಿಸುವ ತನ್ನ ಪುಟ್ಟ ಮೈಕನ್ನು ಅವರತ್ತ ಚಾಚಿದ. ಟೀಚರ್ ಒಂದು ಹೆಜ್ಜೆ ಹಿಂದೆ ಸರಿದರು. ಅಷ್ಟರಲ್ಲಿ ಹುಡುಗಿ ಕುರ್ಚಿಯಿಂದ ಇಳಿಯಲು ಕಾಲಿನಿಂದ ನೆಲ ಹುಡುಕತೊಡಗಿದಳು. ನಕ್ಕರೆ ನಗಲಿ ಎಂದುಕೊಂಡು ಟೀಚರ್ ಮೈಕ್ ಕಿತ್ತುಕೊಂಡರು.

"ಮಕ್ಕಳೇ, ನಾನು, ಟೀಚರ್" ಎಂದು ಪಿಸುಗುಟ್ಟಿದರು. "ಇಲ್ಲೇ ಇದೀನಿ."

ಯಾರೂ ನಗಲಿಲ್ಲ. ಕಿವಿಗೇ ಅಂಟಿಕೊಂಡ ಯಂತ್ರದಲ್ಲಿ ಆ ದನಿ ಗುಟ್ಟು ಹೇಳಿದಷ್ಟು ಮೆತ್ತಗಿತ್ತು. ಹುಡುಗಿಯ ಕಾಲು ಮೇಲೆ ಹೋಯಿತು.

"ಭೂಮಿ ಎಲ್ಲೂ ಹೋಗಿಲ್ಲ. ಅಮ್ಮನೂ ಮನೇಲೇ ಇದಾರೆ. ಸಿನಿಮಾಕ್ಕೆ ಹೋದಾಗ ದಪ್ಪಗಿರೋರು ಮುಂದೆ ಕೂತ್ರೆ ಪರದೆ ಕಾಣಲ್ಲ ಅಲ್ವಾ? ಹಾಗೇ ನಮ್ ಚಂದಮಾಮ ಅಡ್ಡ ಕೂತಿದಾನೆ. ಭಾರೀ ಮೈಯಿನ ಮಾವ, ಏಳು ಅಂದ್ರೆ ಏಳೋನಲ್ಲ. ನಾವೇ ಸುತ್ತು ಹಾಕ್ಕೊಂಡು ಆಚೆ ಹೋಗೋಣ. ಎಲ್ರೂ ಇಪ್ಪತ್ತರವರೆಗೆ ಎಣಿಸಿ, ನನ್ ಹಾಗೇ ಮೆಲ್ಲಗೆ."

ಗಲಾಟೆ ಕೇಳಿ ದಡಬಡ ಓಡಿಬಂದ ಹೆಡ್ ಮೇಡಂ ಬಾಗಿಲಲ್ಲೇ ನಿಂತುಬಿಟ್ಟರು. ಕೋಣೆಯಲ್ಲಿ ಗುಜುಗುಜು ಎಣಿಕೆ ಬಿಟ್ಟರೆ ಸದ್ದೇ ಇಲ್ಲ. ಟೀಚರ ತುಟಿ ಆಡುತ್ತಿದೆ, ಮಾತು ಮಾತ್ರ ಬಾಗಿಲ ತನಕ ಬರುತ್ತಿಲ್ಲ. ಹೆಡ್ ಮೇಡಂ ಪೆಟ್ಟಿಗೆಯಲ್ಲಿ ಉಳಿದಿದ್ದ ಒಂದು ಕನ್ನಡಕ ತೆಗೆದು ಹಾಕಿಕೊಂಡು, ಖಾಲಿ ಕುರ್ಚಿ ತಡಕಿ ಕೂತರು.

ಹದಿನೇಳಕ್ಕೆ ಚಂದ್ರನ ಅಂಚಿನಲ್ಲಿ ನೀಲಿ ಗೆರೆ ಮೂಡಿತು. ಇಪ್ಪತ್ತಾಗುವಷ್ಟರಲ್ಲಿ ಅರ್ಧ ಭೂಮಿ ಮೇಲೆ ಬಂದಿತ್ತು. ಮಕ್ಕಳು ಬಾಯಿ ಬಿಟ್ಟುಕೊಂಡು ಕೂತರು. ಎರಡನೇ ಸಾಲಿನ ಹುಡುಗಿ ಬರಿ ಗೋಡೆಯ ಕಡೆ ಕೈಬೀಸಿ, "ಅಮ್ಮಾ, ಬರ್ತಿದೀನಿ" ಎಂದಳು.

ಟೀಚರಿಗೆ ಕಣ್ಣು ತುಂಬಿಬಂತು. ಮತ್ತೆ ಎಂದೂ ಸಿಗದು ಎಂದುಕೊಂಡ ದನಿ ಸಿಕ್ಕಿತ್ತು, ಒಂದು ಪಾಠದ ಮಟ್ಟಿಗಾದರೂ. ಪೆಟ್ಟಿಗೆಯಣ್ಣನ ಕೈ ಹಿಡಿದು, "ನೀನು ತಪ್ಪು ಮಾಡಿದ್ದಕ್ಕೆ ತುಂಬಾ ಥ್ಯಾಂಕ್ಸ್ ಕಣಪ್ಪ" ಎಂದರು. ತಪ್ಪಿಗೆ ಬೈಗುಳವನ್ನಷ್ಟೇ ತಿಂದು ಅಭ್ಯಾಸವಿದ್ದ ಅವನು ತಲೆ ಕೆರೆದುಕೊಂಡ.

ಕನ್ನಡಕ ಕಳಚಿದ್ದೇ ಜಗಳ ಶುರುವಾಯಿತು.

"ಅಷ್ಟು ಹೊತ್ತೂ ಟೀಚರ್ ನನ್ ಪಕ್ಕಾನೇ ಕೂತಿದ್ರು" ಎಂದಳು ಹುಡುಗಿ.

"ಸುಳ್ಳು ಹೇಳ್ತಾಳೆ. ನನ್ ಪಕ್ಕ ಇದ್ರು, ಕಿವಿ ಹತ್ರಾನೇ" ಎಂದ ಕೊನೆಯ ಸಾಲಿನವನು.

ನನ್ನ ಪಕ್ಕ, ನನ್ನ ಪಕ್ಕ ಎಂದು ಇಪ್ಪತ್ತನಾಲ್ಕೂ ಮಂದಿ ಎದ್ದು ನಿಂತರು. ವಿಚಿತ್ರವೆಂದರೆ ಇನ್ನೇನು ಜುಟ್ಟು ಹಿಡಿಯುವ ಮಟ್ಟಕ್ಕೆ ಬಂದಿದ್ದ ಆ ಜಗಳವೂ ಪಿಸುದನಿಯಲ್ಲೇ ನಡೆದಿತ್ತು.

ಹೆಡ್ ಮೇಡಂ ಎಲ್ಲರಿಗಿಂತ ಕೊನೆಗೆ ಕನ್ನಡಕ ತೆಗೆದರು. ಸೀರೆಯ ಸೆರಗಿನಿಂದ ಕಣ್ಣೊರೆಸಿಕೊಂಡು, ಅವರೂ ದನಿ ತಗ್ಗಿಸಿಯೇ ಹೇಳಿದರು: "ಸುಮ್ನೆ ಯಾಕೆ ಕಿತ್ತಾಡ್ತೀರಾ? ಟೀಚರ್ ಕೂತಿದ್ದು ನನ್ನ ಪಕ್ಕ. ನಂಬಿಕೆ ಇಲ್ದಿದ್ರೆ ನಾಳೆ ಅವರು ಇದೇ ಕ್ಲಾಸಿಗೆ ಬಂದಾಗ ಅವರನ್ನೇ ಕೇಳಿ."