ಬೇಡವೆಂದವರು

ಗಂಡು ಗಂಡನ್ನು ಮದುವೆಯಾಗಬಹುದೇ ಎಂದು ನಾಡಿನಲ್ಲಿ ಜನಮತಗಣನೆ ನಡೆಯುವುದಿತ್ತು. ಕೂಡದೆಂದು ಊರೂರು ತಿರುಗಿ ಭಾಷಣ ಬಿಗಿದವರಲ್ಲಿ ಚೆನ್ನಬಸಪ್ಪನವರೇ ಮುಂದು. ಅವರ ಮಗ ನಿರಂಜನ ಟಿ.ವಿ.ಯಲ್ಲಿ ಅದನ್ನು ನೋಡುತ್ತ, ಗೆಳೆಯ ಶ್ರೀಪಾಲನ ಕೈ ಹಿಡಿದು ಕೂತಿರುತ್ತಿದ್ದ.

ಕೊನೆಗೆ ಜನ ಆಗಬಹುದು ಎಂದರು. ನಿರಂಜನ ಧೈರ್ಯ ಮಾಡಿ ಶ್ರೀಪಾಲನನ್ನು ಕರೆದುಕೊಂಡು ತಂದೆಯ ಮುಂದೆ ನಿಂತ.

"ಅಪ್ಪಾ, ನಾನು ಮದುವೆ ಆಗೋದು ಇವನನ್ನೇ."

ಚೆನ್ನಬಸಪ್ಪನವರ ಮುಖ ಕೆಂಪೇರಿತು. "ಇದಕ್ಕೇ ಕಣೋ ನಾನು ಬೇಡ ಬೇಡ ಅಂತ ಗಂಟಲು ಹರ್ಕೊಂಡಿದ್ದು!"

"ನಮ್ಮ ಪ್ರೀತೀಲಿ ಏನಪ್ಪಾ ತಪ್ಪು?" ನಿರಂಜನ ಕೇಳಿದ.

"ಪ್ರೀತಿ ಮಾಡ್ಕೊಳ್ರೋ, ಯಾರು ಬೇಡ ಅಂದ್ರು? ಎರಡೂ ಮನೆಯೋರು ಗಂಡಿನ ಕಡೆಯೋರು ಅಂತ ಎಲೆ ಮುಂದೆ ಕೂತ್ಬಿಟ್ರೆ, ಬಡಿಸೋರು ಯಾರು?"