ಗಂಟೆ ಹೊತ್ತಿನ ಹೊಟ್ಟೆಕಿಚ್ಚು

ಹುಟ್ಟಿದ ಮಕ್ಕಳಿಗೆಲ್ಲ ಅಸೂಯೆ ತಟ್ಟದಂತೆ ಲಸಿಕೆ ಹಾಕುವ ಕಾಲ. ಹಾಗಾಗಿ, ಹಳೆಯ ನಾಟಕದ ದೊರೆ ಯಾರದೋ ಚಾಡಿಮಾತು ನಂಬಿ ಹೆಂಡತಿಯನ್ನೇ ಕೊಂದದ್ದು ವಿದ್ಯಾರ್ಥಿಗಳಿಗೆ ಅರ್ಥವಾಗಲೆಂದು, ಮೇಷ್ಟ್ರು ಪಾಠಕ್ಕೆ ಮೊದಲು ಒಂದು ಗಂಟೆ ಹೊಟ್ಟೆಕಿಚ್ಚು ಹತ್ತಿಸುವ ಮಾತ್ರೆ ಹಂಚಿದರು.

ನುಂಗಿದ್ದೇ ತಡ, ಶಾಲ್ಮಲಿಯ ಎದೆ ಧಗ್ಗೆಂದಿತು. ಕಾಲೇಜಿನ ನಾಟಕದಲ್ಲಿ ರಾಣಿಯ ಪಾತ್ರ ಜೀವದ ಗೆಳತಿ ಫರ್ಜಾನಾಗೆ ಸಿಕ್ಕಿತ್ತು. ಇವಳೇ ಮೇಷ್ಟ್ರ ಕಿವಿ ಊದಿರಬೇಕು, ಇನ್ನು ಇವಳ ಸಹವಾಸವೇ ಬೇಡ ಎಂದು ಬೆಂಚು ಬಿಟ್ಟು ಎದ್ದವಳು, ತಡೆಯಲಾರದೆ ಕೇಳಿಯೇಬಿಟ್ಟಳು.

"ನನ್ನ ಮೇಲೆ ಚಾಡಿ ಹೇಳಿದ್ಯೇನೇ?"

"ಇಲ್ವೇ ಮಾರಾಯ್ತಿ. ನಿನ್ನ ಕಂಠ ನನಗಿಲ್ಲವಲ್ಲ ಅಂತ ನಾನೇ ಉರೀತಾ ಕೂತಿದೀನಿ. ಕೂತ್ಕೋ."

ಶಾಲ್ಮಲಿ ಕೂತಳು. ಮಾತ್ರೆಯ ಉರಿ ಇನ್ನೂ ಆರಿರಲಿಲ್ಲ. ಆದರೂ ಇಬ್ಬರೂ ಒಂದೇ ಪುಸ್ತಕ ಹಿಡಿದು, ದೊರೆ ಹೆಂಡತಿಯನ್ನು ಒಂದು ಮಾತೂ ಕೇಳದೆ ಹೋದ ಪುಟವನ್ನು ತೆರೆದರು.